ಕಾಯೋಟಿ, ನರಿ ಹಿಡಿಯುವ ಉಕ್ಕಿನ ಟ್ರ್ಯಾಪ್: ಬಣ್ಣದಲ್ಲಿ ಕುದಿಸಿ, ಮೇಣದಲ್ಲಿ ಅದ್ದುವುದೇಕೆ? ಅಮೆರಿಕದಲ್ಲಿ ಇದಕ್ಕೆ ಇಷ್ಟೊಂದು ವಿವಾದವೇಕೆ?

ಚಳಿಗಾಲ ಶುರುವಾಗುವ ಮುನ್ನ ಅಮೆರಿಕದ ಕೆಲವು ಹಳ್ಳಿಗಳಲ್ಲಿ ಮನೆಯ ಹಿತ್ತಲಿನಲ್ಲಿ ಹಳೆಯ ಡ್ರಮ್ಮೊಂದನ್ನು ಒಲೆಯ ಮೇಲೆ ಇಟ್ಟಿರುತ್ತಾರೆ. ಒಳಗೆ ಕಪ್ಪು ನೀರು ಕುದಿಯುತ್ತಿರುತ್ತದೆ. ಅದರಲ್ಲಿ ಮುಳುಗಿರುವುದು ಬಟ್ಟೆಯೂ ಅಲ್ಲ, ಅಡುಗೆಯೂ ಅಲ್ಲ. ಸರಪಳಿ, ಸ್ಪ್ರಿಂಗ್ ಮತ್ತು ದವಡೆಗಳಿರುವ ಉಕ್ಕಿನ ಟ್ರ್ಯಾಪ್‌ಗಳು.

ನರಿ ಮತ್ತು ಕಾಯೋಟಿಗಳನ್ನು ಹಿಡಿಯಲು ನಡೆಯುವ ವಾರ್ಷಿಕ ಸಿದ್ಧತೆ ಇದು. ಸುಮಾರು ಎರಡು ಶತಮಾನಗಳಿಂದ ಹೆಚ್ಚೇನೂ ಬದಲಾಗದೆ ಬಂದಿರುವ ಈ ಕೆಲಸ ಇಂದು ಅಮೆರಿಕದ ವಿಧಾನಸಭೆಗಳಲ್ಲಿ, ಜನಮತಗಣನೆಗಳಲ್ಲಿ ಬಿಸಿ ಚರ್ಚೆಯ ವಿಷಯ. ಕುರಿ ಸಾಕುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಪ್ರಾಣಿದಯಾ ಸಂಘಟನೆಗಳಿಗೆ ಇದು ಕ್ರೌರ್ಯ. ವಿಜ್ಞಾನಿಗಳ ಪ್ರಶ್ನೆಯೇ ಬೇರೆ: ಇಷ್ಟು ವರ್ಷ ಹಿಡಿದು ಕೊಂದರೂ ಕಾಯೋಟಿಗಳ ಸಂಖ್ಯೆ ಕಡಿಮೆಯಾಗಿಲ್ಲವೇಕೆ?

ಟ್ರ್ಯಾಪ್ ಹೇಗೆ ಕೆಲಸ ಮಾಡುತ್ತದೆ, ಅದನ್ನು ಹೇಗೆ ಸಿದ್ಧಪಡಿಸುತ್ತಾರೆ, ವಿವಾದ ಏನು, ಭಾರತದಲ್ಲಿ ಕಾನೂನು ಏನು ಹೇಳುತ್ತದೆ ಎಂಬ ವಿವರ ಇಲ್ಲಿದೆ.

ಕಾಯೋಟಿ ಎಂದರೆ ಯಾವ ಪ್ರಾಣಿ?

ಕಾಯೋಟಿ ನಾಯಿ ಮತ್ತು ತೋಳದ ಕುಟುಂಬಕ್ಕೆ ಸೇರಿದ ಪ್ರಾಣಿ. ತೋಳಕ್ಕಿಂತ ಚಿಕ್ಕದು, ನಮ್ಮ ನರಿಗಿಂತ ತುಸು ದೊಡ್ಡದು. ಬೆಳೆದ ಕಾಯೋಟಿ ಸಾಮಾನ್ಯವಾಗಿ 8ರಿಂದ 20 ಕೆ.ಜಿ. ತೂಗುತ್ತದೆ. ಮೆಕ್ಸಿಕೋದ ಮೂಲನಿವಾಸಿಗಳ ನಹುವಾಟ್ಲ್ ಭಾಷೆಯ ‘ಕೊಯೋಟ್ಲ್’ ಎಂಬ ಪದದಿಂದ ಈ ಹೆಸರು ಬಂದಿದೆ.

ಇಲ್ಲೊಂದು ಭಾಷೆಯ ಗೊಂದಲವೂ ಇದೆ. ಕನ್ನಡದಲ್ಲಿ ನಾವು ‘ನರಿ’ ಎಂದು ಸಾಮಾನ್ಯವಾಗಿ ಕರೆಯುವುದು ಊಳಿಡುವ, ಗುಂಪಿನಲ್ಲಿ ಓಡಾಡುವ ಗುಳ್ಳೆನರಿಯನ್ನು. ಉತ್ತರ ಅಮೆರಿಕದಲ್ಲಿ ಟ್ರ್ಯಾಪ್‌ಗೆ ಸಿಗುವುದು ಮುಖ್ಯವಾಗಿ ಕೆಂಪು ನರಿ. ಪೊದೆಯಂಥ ಬಾಲ, ಚೂಪು ಮೂತಿಯ ಬೇರೆಯೇ ಜಾತಿ ಅದು. ಊಳಿಡುವ ಅಭ್ಯಾಸ, ಊರಂಚಿನಲ್ಲಿ ಬದುಕುವ ಜಾಣತನ, ಸಿಕ್ಕಿದ್ದನ್ನು ತಿನ್ನುವ ಗುಣ ನೋಡಿದರೆ ನಮ್ಮ ಗುಳ್ಳೆನರಿಗೆ ಹತ್ತಿರದ್ದು ಕಾಯೋಟಿಯೇ.

ಒಂದು ಕಾಲಕ್ಕೆ ಕಾಯೋಟಿ ಉತ್ತರ ಅಮೆರಿಕದ ಪಶ್ಚಿಮ ಭಾಗದ ಹುಲ್ಲುಗಾವಲು ಮತ್ತು ಮರುಭೂಮಿಗೆ ಸೀಮಿತವಾಗಿತ್ತು. ಯುರೋಪಿನಿಂದ ಬಂದು ನೆಲೆಸಿದವರು ತೋಳಗಳನ್ನು ಹೆಚ್ಚೂಕಡಿಮೆ ಅಳಿಸಿಹಾಕಿದರು, ಕಾಡು ಕಡಿದು ಹೊಲ ಮಾಡಿದರು. ಖಾಲಿಯಾದ ಜಾಗಕ್ಕೆ ಕಾಯೋಟಿ ನುಗ್ಗಿತು. ಇಂದು ಹವಾಯಿ ಬಿಟ್ಟು ಅಮೆರಿಕದ ಉಳಿದ 49 ರಾಜ್ಯಗಳಲ್ಲೂ ಅದು ಇದೆ. ಶಿಕಾಗೋ, ಲಾಸ್ ಏಂಜಲೀಸ್, ನ್ಯೂಯಾರ್ಕ್‌ನಂಥ ಮಹಾನಗರಗಳ ಒಳಗೂ ಇದೆ.

ಟ್ರ್ಯಾಪ್ ಹೇಗಿರುತ್ತದೆ?

ಅಮೆರಿಕ, ಕೆನಡಾದಲ್ಲಿ ಈ ಪ್ರಾಣಿಗಳಿಗೆ ಬಳಸುವ ಸಾಧನಗಳು ಮುಖ್ಯವಾಗಿ ಮೂರು ಬಗೆ. ಒಂದು, ಕಾಲು ಹಿಡಿಯುವ ಉಕ್ಕಿನ ಟ್ರ್ಯಾಪ್. ಎರಡು, ತಂತಿಯ ಉರುಳು. ಮೂರು, ನಮ್ಮಲ್ಲಿ ಚಿರತೆಗೆ ಇಡುವಂಥ ಬೋನು. ಕೆಂಪು ನರಿ ಬೋನಿಗೆ ಬೀಳುವುದು ಅಪರೂಪ. ಕಾಯೋಟಿಯಂತೂ ಬೋನಿನ ಹತ್ತಿರ ಸುಳಿಯುವುದೇ ಕಡಿಮೆ. ಹೀಗಾಗಿ ಹೆಚ್ಚು ಬಳಕೆಯಲ್ಲಿರುವುದು ಕಾಲು ಹಿಡಿಯುವ ಟ್ರ್ಯಾಪ್.

ಇದರ ರಚನೆ ಸರಳ. ಎರಡು ಕಮಾನಿನಾಕಾರದ ದವಡೆಗಳು, ಅವನ್ನು ಮುಚ್ಚುವ ಬಲವಾದ ಸ್ಪ್ರಿಂಗ್‌ಗಳು, ನಡುವೆ ಒಂದು ಸಣ್ಣ ತಟ್ಟೆ. ದವಡೆಗಳನ್ನು ಬಿಡಿಸಿ ಒಂದು ಸಣ್ಣ ಕೊಂಡಿಯಿಂದ ತಟ್ಟೆಗೆ ಸಿಕ್ಕಿಸುತ್ತಾರೆ. ಪ್ರಾಣಿ ತಟ್ಟೆಯ ಮೇಲೆ ಕಾಲಿಟ್ಟರೆ ಕೊಂಡಿ ಜಾರಿ ದವಡೆ ಮುಚ್ಚಿಕೊಳ್ಳುತ್ತದೆ. ಟ್ರ್ಯಾಪ್‌ನಿಂದ ಹೊರಟ ಸರಪಳಿಯನ್ನು ನೆಲಕ್ಕೆ ಬಡಿದ ಗೂಟಕ್ಕೆ ಕಟ್ಟಿರುತ್ತಾರೆ.

ಸಿನಿಮಾ, ಕಾರ್ಟೂನ್‌ಗಳಲ್ಲಿ ಕಾಣುವ ಗರಗಸದ ಹಲ್ಲಿನಂಥ ದವಡೆಗಳು ಈಗ ಅಮೆರಿಕದ ಬಹುತೇಕ ಕಡೆ ನಿಷಿದ್ಧ. ಇಂದಿನ ಟ್ರ್ಯಾಪ್‌ಗಳ ದವಡೆ ನಯವಾಗಿರುತ್ತದೆ. ಮುಚ್ಚಿಕೊಂಡಾಗಲೂ ನಡುವೆ ಕೆಲವು ಮಿಲಿಮೀಟರ್ ಸಂದು ಉಳಿಯುವಂತೆ ಮಾಡಿದ ಮಾದರಿಗಳಿವೆ. ಒತ್ತಡ ಒಂದೇ ಕಡೆ ಬೀಳದಿರಲಿ ಎಂದು ದವಡೆಯ ಅಂಚನ್ನು ದಪ್ಪ ಮಾಡಿದವು, ರಬ್ಬರ್ ಪಟ್ಟಿ ಅಂಟಿಸಿದವೂ ಇವೆ. ಪ್ರಾಣಿ ಸುತ್ತ ತಿರುಗಿದಾಗ ಕಾಲು ತಿರುಚದಂತೆ ಸರಪಳಿಗೆ ತಿರುಗುವ ಕೊಂಡಿಗಳನ್ನು, ಜಗ್ಗಿದಾಗ ಪೆಟ್ಟು ತಗ್ಗಿಸಲು ಸ್ಪ್ರಿಂಗ್ ಅನ್ನು ಸೇರಿಸುತ್ತಾರೆ.

ತಟ್ಟೆಯ ಬಿಗಿಯೂ ಮುಖ್ಯ. ಅದನ್ನು ಸ್ಕ್ರೂ ಮೂಲಕ ಹೊಂದಿಸಬಹುದು. ಕಾಯೋಟಿಗೆ ಇಟ್ಟ ಟ್ರ್ಯಾಪ್‌ನ ತಟ್ಟೆಯನ್ನು ಸಾಕಷ್ಟು ಬಿಗಿ ಮಾಡಿದರೆ ಮೊಲ, ಹಕ್ಕಿ, ಅಳಿಲಿನಂಥ ಹಗುರ ಪ್ರಾಣಿಗಳು ಮೇಲೆ ನಡೆದರೂ ಅದು ಬೀಳುವುದಿಲ್ಲ. ಬೇಡದ ಪ್ರಾಣಿ ಸಿಗುವುದನ್ನು ತಪ್ಪಿಸಲು ಇರುವ ಸುಲಭದ ದಾರಿ ಇದು.

ಹೊಸ ಟ್ರ್ಯಾಪ್ ಅನ್ನು ಹಾಗೇ ಇಡುವುದಿಲ್ಲ ಏಕೆ?

ಕಾರ್ಖಾನೆಯಿಂದ ಬಂದ ಹೊಸ ಟ್ರ್ಯಾಪ್ ಎಣ್ಣೆ, ಗ್ರೀಸ್ ಮೆತ್ತಿಕೊಂಡು ಹೊಳೆಯುತ್ತಿರುತ್ತದೆ. ಕಾಯೋಟಿಯ ಮೂಗಿಗೆ ಆ ವಾಸನೆಯೇ ಎಚ್ಚರಿಕೆಯ ಗಂಟೆ. ಆದ್ದರಿಂದ ಸಿದ್ಧತೆ ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

ಮೊದಲು, ಬಿಸಿನೀರು ಮತ್ತು ಸೋಪಿನಿಂದ ತೊಳೆದು ಎಣ್ಣೆಯಂಶ ಪೂರ್ತಿ ತೆಗೆಯುತ್ತಾರೆ.

ಎರಡನೆಯದು ಕೇಳಲು ವಿಚಿತ್ರ: ಬೇಕೆಂದೇ ತುಕ್ಕು ಹಿಡಿಸುತ್ತಾರೆ. ಕೆಲವು ದಿನ ಹೊರಗೆ ಇಬ್ಬನಿ, ಮಳೆಗೆ ಬಿಟ್ಟರೆ ಮೇಲೆ ತೆಳುವಾದ ಕೆಂಪು ಪದರ ಬರುತ್ತದೆ. ನುಣುಪಾದ ಹೊಸ ಉಕ್ಕಿಗೆ ಬಣ್ಣ ಹತ್ತುವುದಿಲ್ಲ, ತುಸು ತುಕ್ಕು ಹಿಡಿದ ಉಕ್ಕಿಗೆ ಹತ್ತುತ್ತದೆ.

ಮೂರನೆಯದು ಬಣ್ಣದಲ್ಲಿ ಕುದಿಸುವುದು. ಮಧ್ಯ ಅಮೆರಿಕದ ಲಾಗ್‌ವುಡ್ ಎಂಬ ಮರದ ಚಕ್ಕೆ ಅಥವಾ ಪುಡಿಯನ್ನು ನೀರಿಗೆ ಹಾಕಿ ಟ್ರ್ಯಾಪ್‌ಗಳನ್ನು ಕುದಿಸುತ್ತಾರೆ. ಅದು ಸಿಗದಿದ್ದರೆ ಆಕ್ರೋಟ್ ಕಾಯಿಯ ಹೊರಸಿಪ್ಪೆ, ಓಕ್ ಮರದ ತೊಗಟೆಯನ್ನು ಬಳಸುವುದುಂಟು. ತೊಗಟೆ, ಸಿಪ್ಪೆಗಳಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣದೊಡನೆ ಸೇರಿ ಕಡುಕಪ್ಪು ಪದರವಾಗುತ್ತದೆ. ಈ ಪದರ ಹೊಳಪನ್ನು ಮುಚ್ಚುತ್ತದೆ, ತುಕ್ಕು ಮುಂದುವರಿಯುವುದನ್ನೂ ನಿಧಾನಗೊಳಿಸುತ್ತದೆ.

ಈ ರಸಾಯನ ಭಾರತೀಯರಿಗೆ ಹೊಸದಲ್ಲ. ಅಳಲೆಕಾಯಿಯ ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಬರುತ್ತದೆ ಎಂಬುದು ನಮ್ಮ ಬಣ್ಣಗಾರರಿಗೆ ಹಿಂದಿನಿಂದಲೂ ಗೊತ್ತು. ಆಂಧ್ರದ ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಮೂಡುವುದು ಹೀಗೆಯೇ. ಅಳಲೆಕಾಯಿ ರಸದಲ್ಲಿ ಅದ್ದಿದ ಬಟ್ಟೆಯ ಮೇಲೆ ಕಬ್ಬಿಣದ ಚೂರು ಮತ್ತು ಬೆಲ್ಲ ಕೊಳೆಸಿದ ದ್ರಾವಣದಿಂದ ಬರೆದಾಗ ಆ ಕಪ್ಪು ಬರುತ್ತದೆ.

ನಾಲ್ಕನೆಯದು ಮೇಣ. ಕರಗಿದ ಬಿಸಿ ಮೇಣದಲ್ಲಿ ಟ್ರ್ಯಾಪ್ ಅನ್ನು ಅದ್ದಿ, ಲೋಹವೂ ಅಷ್ಟೇ ಬಿಸಿಯಾಗುವ ತನಕ ಬಿಟ್ಟು, ನಿಧಾನಕ್ಕೆ ಎತ್ತುತ್ತಾರೆ. ತಣ್ಣಗಿನ ಲೋಹಕ್ಕೆ ಮೇಣ ದಪ್ಪವಾಗಿ ಅಂಟಿ ಆಮೇಲೆ ಉದುರುತ್ತದೆ. ಬಿಸಿ ಲೋಹಕ್ಕೆ ಮಾತ್ರ ತೆಳ್ಳಗೆ ಹಿಡಿಯುತ್ತದೆ. ಮೇಣದಿಂದ ತೇವ ಒಳಗೆ ಹೋಗುವುದಿಲ್ಲ, ಮಣ್ಣಿನಡಿಯಲ್ಲೂ ದವಡೆ ಸರಾಗವಾಗಿ ಜಾರುತ್ತದೆ. ಈ ಹಂತದಲ್ಲಿ ಅಪಾಯವೂ ಇದೆ. ಮೇಣ ವಿಪರೀತ ಕಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಒದ್ದೆ ಟ್ರ್ಯಾಪ್ ಇಳಿಸಿದರೆ ಸಿಡಿಯುತ್ತದೆ. ಆದ್ದರಿಂದ ಈ ಕೆಲಸವನ್ನು ಮನೆಯೊಳಗೆ ಮಾಡಬಾರದು ಎಂಬುದು ಮೊದಲ ಪಾಠ.

ಇಷ್ಟಾದ ಮೇಲೆ ಟ್ರ್ಯಾಪ್‌ಗಳನ್ನು ಪೆಟ್ರೋಲ್, ಹೊಗೆ, ಅಡುಗೆ ವಾಸನೆ ತಾಗದ ಕಡೆ ನೇತುಹಾಕುತ್ತಾರೆ. ಮುಟ್ಟುವುದು ಶುಚಿಯಾದ ಕೈಗವಸು ಹಾಕಿಕೊಂಡು ಮಾತ್ರ.

ಮೂಗಿಗೆ ಹಾಕುವ ಮೋಸ

ಹಾಗಂತ ಕಬ್ಬಿಣದ ವಾಸನೆ ಪೂರ್ತಿ ಹೋಗುತ್ತದೆಯೇ? ಇಲ್ಲ. ಹಳೆಯ ಬೇಲಿ ತಂತಿ, ಮುರಿದ ನೇಗಿಲು ನೋಡಿರುವ ಕಾಯೋಟಿಗೆ ಕಬ್ಬಿಣದ ವಾಸನೆ ಹೊಸದೇನಲ್ಲ. ಇರಬಾರದ ಜಾಗದಲ್ಲಿ ಇರಬಾರದ ವಾಸನೆ ಬಂದಾಗ ಅದಕ್ಕೆ ಅನುಮಾನ ಹುಟ್ಟುತ್ತದೆ. ಕಾಲಿಟ್ಟಾಗ ನೆಲ ಸ್ವಲ್ಪ ಅಲುಗಿದರೂ ಅನುಮಾನ ಹುಟ್ಟುತ್ತದೆ. ಟ್ರ್ಯಾಪ್ ಅಲುಗಿದರೆ ಕಾಯೋಟಿ ಅದನ್ನು ಕೆರೆದು ಹೊರಗೆ ತೆಗೆದು, ತಟ್ಟೆ ಮುಟ್ಟದೆ ಹೋಗಿಬಿಡುವುದೂ ಉಂಟು. ಅದಕ್ಕೇ ಟ್ರ್ಯಾಪ್ ಅನ್ನು ಮಣ್ಣಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂರಿಸಿ, ಜರಡಿ ಹಿಡಿದ ಒಣಮಣ್ಣನ್ನು ಮೇಲೆ ತೆಳ್ಳಗೆ ಹರಡುತ್ತಾರೆ.

ಎಲ್ಲಿ ಇಡಬೇಕು ಎಂಬುದಕ್ಕೆ ಪ್ರಾಣಿಯ ಸ್ವಭಾವವೇ ಆಧಾರ. ನರಿ, ಕಾಯೋಟಿಗಳು ಉಳಿದ ಆಹಾರವನ್ನು ಸಣ್ಣ ಗುಳಿಯಲ್ಲಿ ಹೂತಿಡುತ್ತವೆ, ಬೇರೆಯವು ಹೂತಿಟ್ಟಿದ್ದನ್ನು ಕದಿಯುತ್ತವೆ. ಅಂಥದ್ದೇ ಗುಳಿ ತೋಡಿ, ಒಳಗೆ ಮಾಂಸದ ತುಂಡು ಇಟ್ಟು, ಎದುರಿಗೆ ಟ್ರ್ಯಾಪ್ ಹೂಳುವುದು ಎಲ್ಲಕ್ಕಿಂತ ಹಳೆಯ ವಿಧಾನ. ನಾಯಿಗಳು ಕಂಬಕ್ಕೆ ಮೂತ್ರ ಮಾಡಿ ಗಡಿ ಗುರುತಿಸುವಂತೆ ಕಾಯೋಟಿಯೂ ಗುರುತಿಸುತ್ತದೆ. ಹೊಸ ಕಾಯೋಟಿಯ ಮೂತ್ರದ ವಾಸನೆ ಹಚ್ಚಿದ ಪೊದೆಯೊಂದು ಅದನ್ನು ಹತ್ತಿರ ಸೆಳೆಯುತ್ತದೆ.

ಟ್ರ್ಯಾಪ್‌ನಿಂದ ಚಮಚದ ತನಕ

ಈ ಟ್ರ್ಯಾಪ್‌ನ ಇತಿಹಾಸದಲ್ಲೊಂದು ವಿಚಿತ್ರ ಅಧ್ಯಾಯವಿದೆ. 19ನೇ ಶತಮಾನದಲ್ಲಿ ನ್ಯೂಯಾರ್ಕ್ ರಾಜ್ಯದ ಕಮ್ಮಾರ ಸ್ಯೂವೆಲ್ ನ್ಯೂಹೌಸ್ ಮಾಡುತ್ತಿದ್ದ ಉಕ್ಕಿನ ಟ್ರ್ಯಾಪ್‌ಗಳು ಬಾಳಿಕೆಗೆ ಹೆಸರಾಗಿದ್ದವು. ಆತ ಒನೈಡಾ ಸಮುದಾಯ ಸೇರಿದ. ಜಾನ್ ಹಂಫ್ರಿ ನಾಯ್ಸ್ 1848ರಲ್ಲಿ ಕಟ್ಟಿದ ಆ ಧಾರ್ಮಿಕ ಸಮುದಾಯದಲ್ಲಿ ಆಸ್ತಿ ಎಲ್ಲರಿಗೂ ಸೇರಿದ್ದು. ನ್ಯೂಹೌಸ್‌ನ ಟ್ರ್ಯಾಪ್‌ಗಳೇ ಸಮುದಾಯದ ಮುಖ್ಯ ಆದಾಯವಾದವು. ಕಾರ್ಖಾನೆ ಬೆಳೆದು ಅಮೆರಿಕ, ಕೆನಡಾದ ತುಪ್ಪಳ ವ್ಯಾಪಾರಕ್ಕೆಲ್ಲ ಟ್ರ್ಯಾಪ್ ಒದಗಿಸಿತು. ಮುಂದೆ ಸಮುದಾಯ ಮುರಿದು ಕಂಪನಿಯಾಗಿ, ಊಟದ ಚಮಚ, ಫೋರ್ಕ್‌ಗಳ ತಯಾರಿಕೆಗೆ ಹೊರಳಿತು. ಇಂದಿಗೂ ಒನೈಡಾ ಎಂದರೆ ಅಮೆರಿಕನ್ನರಿಗೆ ನೆನಪಾಗುವುದು ಚಮಚ.

ಸರ್ಕಾರವೇ ಬೇಟೆಗೆ ಇಳಿದದ್ದು

ತುಪ್ಪಳಕ್ಕಾಗಿ ಶುರುವಾದ ಟ್ರ್ಯಾಪಿಂಗ್ 20ನೇ ಶತಮಾನದಲ್ಲಿ ಸರ್ಕಾರಿ ಕಾರ್ಯಕ್ರಮವೂ ಆಯಿತು. ಪಶ್ಚಿಮ ರಾಜ್ಯಗಳ ಕುರಿ, ದನಗಳ ಮಾಲೀಕರ ಒತ್ತಡಕ್ಕೆ ಅಮೆರಿಕದ ಸಂಸತ್ತು 1915ರಲ್ಲಿ ತೋಳ, ಕಾಯೋಟಿಗಳ ನಿಯಂತ್ರಣಕ್ಕೆ 1.25 ಲಕ್ಷ ಡಾಲರ್ ಮಂಜೂರು ಮಾಡಿತು. 1931ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾಯ್ದೆಯೇ ಬಂತು. ಟ್ರ್ಯಾಪ್, ಬಂದೂಕು, ವಿಷ ಮೂರೂ ಬಳಕೆಯಾದವು. ವಿಷಕ್ಕೆ ಹದ್ದು, ಸಾಕುನಾಯಿ ಸೇರಿದಂತೆ ಲೆಕ್ಕವಿಲ್ಲದಷ್ಟು ಪ್ರಾಣಿಗಳು ಬಲಿಯಾದಾಗ 1972ರಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಕೇಂದ್ರ ಸರ್ಕಾರದ ಜಮೀನಿನಲ್ಲಿ ಈ ಬಗೆಯ ವಿಷದ ಬಳಕೆಗೆ ತಡೆಹಾಕಿದರು.

ಕಾರ್ಯಕ್ರಮ ಮಾತ್ರ ನಿಂತಿಲ್ಲ. ಕೃಷಿ ಇಲಾಖೆಯಡಿ ಇರುವ ‘ವೈಲ್ಡ್‌ಲೈಫ್ ಸರ್ವೀಸಸ್’ ವಿಭಾಗ ಇತ್ತೀಚಿನ ವರ್ಷಗಳಲ್ಲೂ ವರ್ಷಕ್ಕೆ 50ರಿಂದ 70 ಸಾವಿರದಷ್ಟು ಕಾಯೋಟಿಗಳನ್ನು ಕೊಲ್ಲುತ್ತಿದೆ. ಖಾಸಗಿಯವರು ಹಿಡಿಯುವುದು, ಹೊಡೆಯುವುದು ಇದಕ್ಕೆ ಹೊರತು.

ಕುರಿಗಾರರ ನೋವು ಸುಳ್ಳಲ್ಲ. ಅಮೆರಿಕದಲ್ಲಿ ಕುರಿಮರಿಗಳನ್ನು ಎಲ್ಲಕ್ಕಿಂತ ಹೆಚ್ಚು ಕೊಲ್ಲುವ ಕಾಡುಪ್ರಾಣಿ ಕಾಯೋಟಿಯೇ. ಸಣ್ಣ ಹಿಂಡು ಇಟ್ಟುಕೊಂಡವರಿಗೆ ಮರಿ ಹಾಕುವ ಕಾಲದಲ್ಲಿ ಹತ್ತು ಮರಿ ಹೋದರೂ ಆ ವರ್ಷದ ಲಾಭವೇ ಹೋದಂತೆ. ಆದರೆ ಕುರಿ ಸಾಕಣೆ ಕುಸಿದದ್ದಕ್ಕೆ ಕಾಯೋಟಿಯೊಂದೇ ಕಾರಣವಲ್ಲ. 1940ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ 5 ಕೋಟಿಗೂ ಹೆಚ್ಚು ಕುರಿಗಳಿದ್ದವು. ಇಂದು ಇರುವುದು 50 ಲಕ್ಷದ ಆಸುಪಾಸು. ನೈಲಾನ್‌ನಂಥ ಕೃತಕ ನೂಲು ಬಂದು ಉಣ್ಣೆಯ ಬೇಡಿಕೆ ಬಿದ್ದದ್ದು, ಜನ ಕುರಿಮಾಂಸ ತಿನ್ನುವುದು ಕಡಿಮೆಯಾದದ್ದು, ಕೂಲಿ ಮತ್ತು ಮೇವಿನ ಖರ್ಚು ಏರಿದ್ದು ಇದರ ಹಿಂದಿನ ದೊಡ್ಡ ಕಾರಣಗಳು.

ಎಷ್ಟು ಹಿಡಿದರೂ ಕಡಿಮೆಯಾಗದ್ದೇಕೆ?

ನೂರು ವರ್ಷಗಳ ಈ ಯುದ್ಧದಲ್ಲಿ ತೋಳ ಸೋತಿತು, ಕಾಯೋಟಿ ಹರಡಿತು. ಇದಕ್ಕೆ ಉತ್ತರ ಅದರ ಸಂಸಾರದಲ್ಲಿದೆ.

ಕಾಯೋಟಿಗಳು ಗಂಡು-ಹೆಣ್ಣಿನ ಜೋಡಿಯಾಗಿ ಒಂದು ಪ್ರದೇಶವನ್ನು ಹಿಡಿದುಕೊಂಡಿರುತ್ತವೆ. ಸಾಮಾನ್ಯವಾಗಿ ಆ ಜೋಡಿ ಮಾತ್ರ ಮರಿ ಮಾಡುತ್ತದೆ. ಹಿಂದಿನ ವರ್ಷದ ಮರಿಗಳು ಜೊತೆಗಿದ್ದರೂ ಸಂಸಾರ ಹೂಡುವುದಿಲ್ಲ. ಕೊಲ್ಲುವುದರಿಂದ ಸಂಖ್ಯೆ ಇಳಿದಾಗ ಉಳಿದವಕ್ಕೆ ತಲಾ ಹೆಚ್ಚು ಆಹಾರ ಸಿಗುತ್ತದೆ. ಚಿಕ್ಕ ವಯಸ್ಸಿನ ಹೆಣ್ಣುಗಳೂ ಮರಿ ಹಾಕತೊಡಗುತ್ತವೆ, ಒಂದು ಸೂಲಿನ ಮರಿಗಳಲ್ಲಿ ಬದುಕುವವು ಹೆಚ್ಚುತ್ತವೆ. ಖಾಲಿಯಾದ ಜಾಗಕ್ಕೆ ಅಕ್ಕಪಕ್ಕದಿಂದ ಒಂಟಿ ಕಾಯೋಟಿಗಳು ಬಂದು ಸೇರುತ್ತವೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1975ರಲ್ಲಿ ಇದರ ಲೆಕ್ಕ ಹಾಕಿದ್ದರು. ಒಂದು ಪ್ರದೇಶದ ಕಾಯೋಟಿಗಳಲ್ಲಿ ಶೇ.75ರಷ್ಟನ್ನು ಪ್ರತಿ ವರ್ಷವೂ ಕೊಲ್ಲುತ್ತಾ ಹೋದರೂ ಅವು ಪೂರ್ತಿ ಇಲ್ಲವಾಗಲು 50 ವರ್ಷಕ್ಕೂ ಹೆಚ್ಚು ಬೇಕು ಎಂಬುದು ಅವರ ಮಾದರಿಯ ಫಲಿತಾಂಶ. ಅಷ್ಟು ದೊಡ್ಡ ಪ್ರಮಾಣದಲ್ಲಿ ವರ್ಷವೂ ಹಿಡಿಯುವುದು ವಿಶಾಲ ಬಯಲಿನಲ್ಲಿ ಆಗದ ಮಾತು.

ಹಾಗಾದರೆ ಟ್ರ್ಯಾಪ್ ನಿಷ್ಪ್ರಯೋಜಕವೇ? ಅದೂ ಪೂರ್ತಿ ನಿಜವಲ್ಲ. ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಸಂಶೋಧನಾ ಕೇಂದ್ರದಲ್ಲಿ ನಡೆದ ಅಧ್ಯಯನಗಳು ಬೇರೆ ವಿಷಯ ತೋರಿಸಿದವು. ಕುರಿಮರಿಗಳನ್ನು ಕೊಲ್ಲುತ್ತಿದ್ದದ್ದು ಎಲ್ಲ ಕಾಯೋಟಿಗಳಲ್ಲ, ಮುಖ್ಯವಾಗಿ ಆ ಜಾಗದ ಮರಿ ಮಾಡುವ ಜೋಡಿಗಳು. ಅವನ್ನೇ ಗುರುತಿಸಿ ತೆಗೆದಾಗ ಸ್ವಲ್ಪ ಕಾಲ ನಷ್ಟ ಇಳಿಯಿತು. ಸಿಕ್ಕಸಿಕ್ಕದ್ದನ್ನು ಹಿಡಿದಾಗ ಅಂಥ ಲಾಭ ಕಾಣಲಿಲ್ಲ. ಅಂದರೆ ಸಾಮೂಹಿಕ ಬೇಟೆಗಿಂತ, ತೊಂದರೆ ಕೊಡುವ ಪ್ರಾಣಿಯನ್ನಷ್ಟೇ ಗುರಿಯಾಗಿಸಿದರೆ ಫಲ ಇದೆ.

ಕೊಲ್ಲದೆ ಕಾಯುವ ದಾರಿಗಳೂ ಇವೆ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಮರಿನ್ ಕೌಂಟಿ ಸುಮಾರು ಎರಡು ದಶಕಗಳ ಹಿಂದೆಯೇ ಸರ್ಕಾರಿ ಬೇಟೆ ಒಪ್ಪಂದ ಕೈಬಿಟ್ಟು, ಆ ಹಣವನ್ನು ಕುರಿಗಾರರಿಗೆ ಕಾವಲು ನಾಯಿ, ಬೇಲಿ, ರಾತ್ರಿ ದೊಡ್ಡಿಗೆ ಕೊಡಲು ಶುರುಮಾಡಿತು. ಹಿಂಡಿನ ಜೊತೆ ಮರಿಯಿಂದಲೇ ಬೆಳೆಸುವ ಗ್ರೇಟ್ ಪಿರನೀಸ್‌ನಂಥ ದೊಡ್ಡ ನಾಯಿಗಳು, ಕೆಲವು ಕಡೆ ಕತ್ತೆ, ಲಾಮಾಗಳು ಕೂಡ ಕಾವಲಿಗಿವೆ. ಉತ್ತರ ಕರ್ನಾಟಕದ ಕುರುಬರು ತೋಳದ ಭಯದಲ್ಲಿ ರಾತ್ರಿ ಹಿಂಡಿಗೆ ಬಲೆಯ ದೊಡ್ಡಿ ಕಟ್ಟಿ, ನಾಯಿಗಳನ್ನು ಬಿಟ್ಟು, ಪಕ್ಕದಲ್ಲೇ ಮಲಗುವುದೂ ಇದೇ ಜಾಣ್ಮೆ.

ರಾಕ್ಸಿ ಎಂಬ ನಾಯಿ ಮತ್ತು ಒಂದು ಕಾನೂನು

ವಿವಾದದ ಇನ್ನೊಂದು ಮುಖ ನೋವು. ಟ್ರ್ಯಾಪ್‌ಗೆ ಸಿಕ್ಕ ಪ್ರಾಣಿ ಅದನ್ನು ಇಟ್ಟವರು ಬರುವ ತನಕ ಕಾಲು ಸಿಕ್ಕಿಸಿಕೊಂಡು ಕಾಯಬೇಕು. ಎಷ್ಟು ಹೊತ್ತಿಗೊಮ್ಮೆ ಹೋಗಿ ನೋಡಬೇಕು ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅನೇಕ ಕಡೆ 24 ಗಂಟೆ. ಕೆಲವು ಕಡೆ 48 ಅಥವಾ 72 ಗಂಟೆ. ಮೂರು ದಿನ ಕೊರೆಯುವ ಚಳಿಯಲ್ಲಿ ಹಾಗೆ ಉಳಿಯುವುದು ಎಂದರೇನು ಎಂಬುದು ವಿರೋಧಿಗಳ ಪ್ರಶ್ನೆ.

ಅಮೆರಿಕದ ರಾಜ್ಯಗಳ ವನ್ಯಜೀವಿ ಇಲಾಖೆಗಳ ಒಕ್ಕೂಟ 1990ರ ದಶಕದ ಕೊನೆಯಿಂದ ಟ್ರ್ಯಾಪ್ ಮಾದರಿಗಳನ್ನು ಪರೀಕ್ಷಿಸುತ್ತಿದೆ. ಸಿಕ್ಕ ಪ್ರಾಣಿಗಳ ಗಾಯವನ್ನು ಪಶುವೈದ್ಯರು ಅಳೆಯುತ್ತಾರೆ. ಕನಿಷ್ಠ ಶೇ.70ರಷ್ಟು ಪ್ರಾಣಿಗಳಿಗೆ ಗಾಯವೇ ಇಲ್ಲದಿದ್ದರೆ ಅಥವಾ ಗಾಯ ಸಣ್ಣದು, ಮಧ್ಯಮ ಮಟ್ಟದ್ದಾಗಿದ್ದರೆ ಆ ಮಾದರಿಗೆ ಒಪ್ಪಿಗೆ ಸಿಗಬಹುದು. ಟ್ರ್ಯಾಪರ್‌ಗಳಿಗೆ ಇದು ಸುಧಾರಣೆಯ ಪುರಾವೆ. ವಿರೋಧಿಗಳು ಕೇಳುವುದು ಉಳಿದ ಶೇ.30ರ ಬಗ್ಗೆ.

ಟ್ರ್ಯಾಪ್, ಉರುಳುಗಳಿಗೆ ಮನುಷ್ಯನ ಒಡನಾಡಿ ಯಾರು, ಕಾಡಿನ ಪ್ರಾಣಿ ಯಾರು ಎಂಬುದು ತಿಳಿಯದು. 2018ರ ನವೆಂಬರ್‌ನಲ್ಲಿ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಮಾಲೀಕನೊಡನೆ ಸುತ್ತಾಡಲು ಹೋಗಿದ್ದ ರಾಕ್ಸಿ ಎಂಬ ಸಾಕುನಾಯಿ ಸಾರ್ವಜನಿಕ ಜಮೀನಿನಲ್ಲಿ ಇಟ್ಟಿದ್ದ ಉರುಳಿಗೆ ಕೊರಳು ಸಿಕ್ಕಿ ಸತ್ತಿತು. ಆ ಸಾವು ರಾಜ್ಯದಲ್ಲಿ ದೊಡ್ಡ ಸುದ್ದಿಯಾಯಿತು. 2021ರಲ್ಲಿ ಸಾರ್ವಜನಿಕ ಜಮೀನಿನಲ್ಲಿ ಟ್ರ್ಯಾಪ್, ಉರುಳು, ವಿಷ ನಿಷೇಧಿಸುವ ಕಾನೂನು ಅಂಗೀಕಾರವಾಯಿತು. ಜನ ಅದನ್ನು ಕರೆಯುವುದು ‘ರಾಕ್ಸಿ ಕಾನೂನು’ ಎಂದೇ. 2022ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ.

ಕೊಲೊರಾಡೊ ಮತ್ತು ಮ್ಯಾಸಚೂಸೆಟ್ಸ್ ಮತದಾರರು 1996ರಲ್ಲೇ ಇಂಥ ಟ್ರ್ಯಾಪ್‌ಗಳಿಗೆ ಕಡಿವಾಣ ಹಾಕಿದ್ದರು. ಕ್ಯಾಲಿಫೋರ್ನಿಯಾ 2019ರಲ್ಲಿ ತುಪ್ಪಳಕ್ಕಾಗಿ ಟ್ರ್ಯಾಪ್ ಮಾಡುವುದನ್ನೇ ನಿಷೇಧಿಸಿದ ಮೊದಲ ರಾಜ್ಯವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ಜಿನ್ ಟ್ರ್ಯಾಪ್’ 1958ರಲ್ಲೇ ನಿಂತುಹೋಗಿತ್ತು. ಯುರೋಪಿಯನ್ ಒಕ್ಕೂಟ 1991ರ ನಿಯಮದ ಮೂಲಕ ತನ್ನ ದೇಶಗಳಲ್ಲಿ ಕಾಲು ಹಿಡಿಯುವ ಟ್ರ್ಯಾಪ್‌ಗಳನ್ನು ನಿಷೇಧಿಸಿತು. ಮೊಂಟಾನಾ, ವ್ಯೋಮಿಂಗ್‌ನಂಥ ಪಶ್ಚಿಮ ರಾಜ್ಯಗಳಲ್ಲಿ ಇದು ಇಂದಿಗೂ ಕಾನೂನುಬದ್ಧ. ಕಾಯೋಟಿಯನ್ನು ವರ್ಷವಿಡೀ ಹಿಡಿಯಲು ಬಿಡುವ ರಾಜ್ಯಗಳೂ ಹಲವು.

ಮಾರುಕಟ್ಟೆಯೇ ಬಾಗಿಲು ಮುಚ್ಚಿದಾಗ

ಕಾನೂನಿಗಿಂತ ದೊಡ್ಡ ಪೆಟ್ಟು ಕೊಟ್ಟದ್ದು ಫ್ಯಾಷನ್. ಚಳಿಗಾಲದ ದುಬಾರಿ ಜಾಕೆಟ್‌ಗಳ ಟೊಪ್ಪಿಗೆಯ ಅಂಚಿಗೆ ಕಾಯೋಟಿ ತುಪ್ಪಳ ಹೊಲಿಯುವ ರೂಢಿಯಿಂದ ಕಳೆದ ದಶಕದಲ್ಲಿ ಅದರ ಬೆಲೆ ಏರಿತ್ತು. ಆ ಜಾಕೆಟ್‌ಗಳಿಗೆ ಹೆಸರಾದ ಕೆನಡಾ ಗೂಸ್ ಕಂಪನಿ 2022ರ ಕೊನೆಯ ಹೊತ್ತಿಗೆ ತುಪ್ಪಳ ಬಳಕೆ ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಅದಕ್ಕೂ ಮುನ್ನ, 2019ರಲ್ಲಿ, ಉತ್ತರ ಅಮೆರಿಕದ ದೊಡ್ಡ ತುಪ್ಪಳ ಹರಾಜು ಸಂಸ್ಥೆಯೊಂದು ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತ್ತು. ಚಳಿಗಾಲದ ಈ ಗಳಿಕೆಯನ್ನು ನಂಬಿದ್ದ ಹಳ್ಳಿಯ ಕುಟುಂಬಗಳಿಗೂ, ಕೆನಡಾದ ಉತ್ತರದ ಮೂಲನಿವಾಸಿ ಸಮುದಾಯಗಳಿಗೂ ಇದು ಬೇರೆಯೇ ಬಗೆಯ ನಷ್ಟ.

ಬೋನಿನಿಂದಲೇ ಬದುಕಿದ ನರಿಗಳು

ನರಿ ಹಿಡಿಯುವುದೆಲ್ಲ ಕೊಲ್ಲಲಿಕ್ಕೇ ಅಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯ ಚಾನಲ್ ದ್ವೀಪಗಳಲ್ಲಿ ಬೆಕ್ಕಿನಷ್ಟೇ ಗಾತ್ರದ ಒಂದು ಅಪರೂಪದ ನರಿ ಇದೆ. 1990ರ ದಶಕದಲ್ಲಿ ಅಲ್ಲಿಗೆ ಬಂದು ನೆಲೆಸಿದ ಹೊನ್ನಹದ್ದುಗಳು ಅವನ್ನು ಹಿಡಿದು ತಿಂದವು. ಸ್ಯಾನ್ ಮಿಗೆಲ್ ದ್ವೀಪದಲ್ಲಿ ಕೊನೆಗೆ ಉಳಿದದ್ದು 15 ನರಿಗಳು. 1999ರಿಂದ ಉಳಿದವನ್ನು ಹಿಡಿದು, ರಕ್ಷಿತ ಆವರಣದಲ್ಲಿ ಮರಿ ಮಾಡಿಸಿ, ಹದ್ದುಗಳನ್ನು ಬೇರೆಡೆಗೆ ಸಾಗಿಸಿ, ಮತ್ತೆ ಬಿಟ್ಟರು. ಕಾಡಿನಲ್ಲಿರುವವನ್ನು ಬೋನಿನಲ್ಲಿ ಹಿಡಿದು ಲಸಿಕೆ ಹಾಕಿ, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಡುವುದು ವಾಡಿಕೆಯಾಯಿತು. 2016ರಲ್ಲಿ ಮೂರು ದ್ವೀಪಗಳ ನರಿಗಳನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆಯಲಾಯಿತು.

ಇಂಥ ಕೆಲಸ ಕನ್ನಡಿಗರಿಗೆ ಹತ್ತಿರದ ಊರಿನಲ್ಲೂ ನಡೆದಿದೆ. ಸೊಲ್ಲಾಪುರ ಪಕ್ಕದ ನಾನ್ನಜ್ ಹುಲ್ಲುಗಾವಲಿನಲ್ಲಿ ಸಂಶೋಧಕರು ನಮ್ಮ ಬಯಲುಸೀಮೆಯ ಚಿಕ್ಕ ನರಿಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಅವುಗಳ ಓಡಾಟ ಗಮನಿಸಿದರು. ಊರ ನಾಯಿಗಳು ಹೆಚ್ಚಿರುವ ಕಡೆ ನರಿಗಳು ದೂರ ಸರಿಯುತ್ತವೆ ಎಂಬುದು ಆಗ ತಿಳಿದುಬಂತು.

ಭಾರತದಲ್ಲಿ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಸಾರ್ವಜನಿಕರು ನರಿ, ತೋಳಗಳನ್ನು ಹಿಡಿಯಲು ಟ್ರ್ಯಾಪ್ ಇಡುವುದು ಅಪರಾಧ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ಅರ್ಥ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ವಿಷವಿಡುವುದು, ಆಮಿಷ ಒಡ್ಡುವುದು, ಹಾಗೆ ಮಾಡಲು ಯತ್ನಿಸುವುದು ಎಲ್ಲವೂ ಬೇಟೆಯೇ. ತೊಂದರೆ ಕೊಡುವ ಪ್ರಾಣಿಯನ್ನು ಹಿಡಿಯಲು ಅರಣ್ಯ ಇಲಾಖೆಯ ಆದೇಶ ಬೇಕು.

ಆದರೂ ಇಲ್ಲಿ ಹಿಡಿಯುವುದು ನಿಂತಿಲ್ಲ. ತಲೆಯ ಮೇಲೆ ಬೆಳೆಯುತ್ತದೆ ಎಂದು ನಂಬಿಸಿ ಮಾರುವ ‘ನರಿಕೊಂಬು’ ಎಂಬ ತಾಯತಕ್ಕಾಗಿ ನರಿಗಳು ಸಾಯುತ್ತವೆ. ನರಿಗೆ ಕೊಂಬು ಇಲ್ಲ. ಚರ್ಮ, ಕೂದಲು, ಮೂಳೆ ಸೇರಿಸಿ ಮಾಡಿದ ಮೋಸದ ವಸ್ತು ಅದು. ತಮಿಳುನಾಡಿನ ಸೇಲಂ ಜಿಲ್ಲೆಯ ವಾಳಪ್ಪಾಡಿ ಸುತ್ತಮುತ್ತ ಪೊಂಗಲ್ ವೇಳೆ ಬಲೆ ಹಾಕಿ ನರಿ ಹಿಡಿದು, ಊರಿನಲ್ಲಿ ಓಡಿಸಿ ಬಿಡುವ ಆಚರಣೆಗೆ ಅರಣ್ಯ ಇಲಾಖೆ ದಂಡ ವಿಧಿಸಿದ್ದೂ ಇದೆ.

ಕರ್ನಾಟಕದಲ್ಲಿ ದೊಡ್ಡ ಸಮಸ್ಯೆ ಉರುಳು. ಹೊಲಕ್ಕೆ ಬರುವ ಕಾಡುಹಂದಿಗೆಂದು ಬೈಕಿನ ಕ್ಲಚ್ ವೈರ್‌ನಲ್ಲಿ ಉರುಳು ಕಟ್ಟುತ್ತಾರೆ. ಅದೇ ಉರುಳಿಗೆ ಚಿರತೆ, ಕರಡಿ, ಕೆಲವೊಮ್ಮೆ ಹುಲಿ ಸಿಕ್ಕಿ ನರಳಿದ ಸುದ್ದಿ ವರ್ಷವೂ ಬರುತ್ತದೆ. ಅಮೆರಿಕದ ಟ್ರ್ಯಾಪ್‌ಗೆ ಕನಿಷ್ಠ ಇಟ್ಟವರ ಹೆಸರಿನ ಚೀಟಿ, ಪರವಾನಗಿ, ಹೋಗಿ ನೋಡುವ ಸಮಯ ಎಂದು ನಿಯಮಗಳಿವೆ. ನಮ್ಮ ಹೊಲದಂಚಿನ ಉರುಳಿಗೆ ಇಟ್ಟವರ ಹೆಸರಿಲ್ಲ. ಅದನ್ನು ಯಾವಾಗ ಹೋಗಿ ನೋಡುತ್ತಾರೆ ಎಂಬುದೂ ಗೊತ್ತಿಲ್ಲ.

ಪಕ್ಕದಲ್ಲಿ ನರಿ ಕಂಡರೆ ಏನು ಮಾಡಬೇಕು?

ಮುಂಬೈ, ನವಿ ಮುಂಬೈನ ಕಾಂಡ್ಲಾ ಕಾಡುಗಳಲ್ಲಿ ಗುಳ್ಳೆನರಿಗಳು ವಾಸವಾಗಿವೆ. ಹೈದರಾಬಾದ್, ಪುಣೆಯ ಹೊರವಲಯದಲ್ಲೂ ಕಾಣಸಿಗುತ್ತವೆ. ಶಿಕಾಗೋದಲ್ಲಿ 2000ದಿಂದ ಕಾಯೋಟಿಗಳನ್ನು ಹಿಡಿದು, ರೇಡಿಯೋ ಪಟ್ಟಿ ಕಟ್ಟಿ ಅಧ್ಯಯನ ಮಾಡುತ್ತಿರುವ ತಂಡ ಕಂಡುಕೊಂಡದ್ದು ಇಲ್ಲಿಗೂ ಹೊಂದುತ್ತದೆ. ನಗರದ ಕಾಯೋಟಿಗಳಲ್ಲಿ ಬಹುಪಾಲು ಮನುಷ್ಯರ ಕಣ್ಣು ತಪ್ಪಿಸಿ ರಾತ್ರಿ ಓಡಾಡುತ್ತವೆ. ತೊಂದರೆ ಶುರುವಾಗುವುದು ಹೆಚ್ಚಾಗಿ ಯಾರೋ ಅವಕ್ಕೆ ತಿನ್ನಲು ಹಾಕಿದಾಗ.

* ನರಿಗೆ ಆಹಾರ ಹಾಕಬೇಡಿ, ಮನೆ ಹೊರಗೆ ಮಾಂಸದ ತ್ಯಾಜ್ಯ, ನಾಯಿಯ ಊಟ ಬಿಡಬೇಡಿ.
* ಅಟ್ಟಿಸಿಕೊಂಡು ಹೋಗಿ ಮೂಲೆಗೆ ಸೇರಿಸಬೇಡಿ. ಹೋಗಲು ದಾರಿ ಬಿಡಿ.
* ಕಚ್ಚಿದರೆ ಗಾಯವನ್ನು ತಕ್ಷಣ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಪಡೆಯಿರಿ.
* ಗಾಯಗೊಂಡ ಅಥವಾ ಉರುಳಿಗೆ ಸಿಕ್ಕ ಪ್ರಾಣಿ ಕಂಡರೆ ನೀವೇ ಬಿಡಿಸಲು ಹೋಗಬೇಡಿ. ಅರಣ್ಯ ಇಲಾಖೆಗೆ ಕರೆ ಮಾಡಿ.